ಜೀಪಿನ ಮೀಟರ್: ದೊಡ್ಡಪ್ಪನ ಉತ್ತರ

ತಮ್ಮಾ, ರಾತ್ರಿ ನೀನು ಗ್ರೂಪಿನಲ್ಲಿ ಕೇಳಿದ್ದನ್ನು ಈಗ ಚಹಾ ಕುಡಿಯುತ್ತಾ ನೋಡಿದೆ. ಜೀಪಿನ ಟೆಂಪರೇಚರ್ ಮುಳ್ಳು ಏಳುತ್ತಿಲ್ಲ, ನೀರಿನ ಬಿಸಿ, ಆಯಿಲ್ ಪ್ರೆಶರ್, ಬ್ಯಾಟರಿಯ ವೋಲ್ಟ್ ಮೂರನ್ನೂ ತೋರಿಸುವ ಹೊಸ ಮೀಟರನ್ನು ಬೆಳಗಾವಿಯ ಅಂಗಡಿಯವರು ಕೊಡುತ್ತಾರಂತೆ, ಹಾಕಿಸಿದರೆ ಹಳೆಯ ಎಂಜಿನ್ನಿಗೆ ಏನಾದರೂ ಆದೀತೇ, ಭರತ ಹುಣ್ಣಿಮೆಗೆ ಎಲ್ಲರನ್ನೂ ಕೂರಿಸಿಕೊಂಡು ಯಲ್ಲಮ್ಮನ ಗುಡ್ಡಕ್ಕೆ ಹೋಗುವುದಿದೆ ಎಂದು ಕೇಳಿದ್ದೀಯ. ಇಳಕಲ್ಲಿನ ಮಾವ ಹೆಬ್ಬೆರಳಿನ ಚಿತ್ರ ಹಾಕಿ ಸುಮ್ಮನಾಗಿದ್ದಾರೆ. ಜಮಖಂಡಿಯ ಅತ್ತೆ ದೇವಿ ನೋಡಿಕೊಳ್ಳುತ್ತಾಳೆ ಎಂದಿದ್ದಾಳೆ. ದೇವಿ ಗುಡ್ಡದ ಮೇಲಿದ್ದಾಳೆ, ಜೀಪು ಕೆಳಗಿನಿಂದ ಹತ್ತಬೇಕು. ಬರೆಯಲು ಕಣ್ಣು ಸಾಲದು, ಅದಕ್ಕೇ ಮಾತನಾಡಿ ಕಳಿಸುತ್ತಿದ್ದೇನೆ. ಉದ್ದವಾದರೆ ಬೇಸರ ಮಾಡಿಕೊಳ್ಳದೆ ಕೇಳಿರಿ.

ಹಾಕಿಸಬೇಡ ಎನ್ನುವುದಿಲ್ಲ. ಆದರೆ ಒಂದು ಮಾತು ನೆನಪಿಡು. ಮುಳ್ಳು ಕೆಳಗಿದೆ ಎಂದ ಮಾತ್ರಕ್ಕೆ ಎಂಜಿನ್ ತಣ್ಣಗಿದೆ ಎಂದು ನಂಬಬೇಡ. ಓಡುತ್ತಿರುವ ಗಾಡಿಯಲ್ಲಿ ಮುಳ್ಳು ಕಾರಣವಿಲ್ಲದೆ ಇಳಿಯತೊಡಗಿದರೆ, ಏರಿದಾಗ ಹೆದರುವುದಕ್ಕಿಂತ ಹೆಚ್ಚು ಹೆದರಬೇಕು.

ಆ ಜೀಪಿನ ಪುರಾಣ ನಿಮಗೆಲ್ಲ ಗೊತ್ತೇ ಇದೆ. ಹಳೆ ಬಾಗಲಕೋಟೆಯ ಮನೆ ಹಿನ್ನೀರಿಗೆ ಹೋದಾಗ ಬಂದ ಪರಿಹಾರದ ಹಣದಲ್ಲಿ ಕೊಂಡ ಮಹೀಂದ್ರಾ ಕಮಾಂಡರ್ ಜೀಪು. ಪ್ಯೂಜೋ ಎಂಜಿನ್, 4.90 ಎಂದು ಹೆಸರು. ನಾಲ್ಕು ಸಿಲಿಂಡರ್, ಒಂದೊಂದರ ಬೋರು, ಅಂದರೆ ಒಳಗಿನ ಅಗಲ, 90 ಮಿಲಿಮೀಟರ್, 2112 ಸಿಸಿ. ನೀರು, ಆಯಿಲ್ ಸರಿಯಾಗಿದ್ದರೆ ಎತ್ತಿನಂತೆ ದುಡಿಯುತ್ತದೆ, ಬಿಸಿಯೇರಿದರೆ ಮಾತ್ರ ಕ್ಷಮಿಸುವುದಿಲ್ಲ. ನಿನ್ನ ಕಾಲದಲ್ಲಿ ಕೈಕೊಟ್ಟಿರುವ ಈ ಮುಳ್ಳು ನನ್ನ ಕಾಲದಲ್ಲೂ ಒಮ್ಮೆ ಕೈಕೊಟ್ಟಿತ್ತು. ಆಗ ಒಬ್ಬ ಎಲೆಕ್ಟ್ರಿಷಿಯನ್, ಅವನ ಹೆಸರು ಈಗ ಬೇಡ, ಹೆಡ್ಡಿನಲ್ಲಿರುವ, ಅಂದರೆ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಲೋಹದ ಭಾಗದಲ್ಲಿರುವ, ಹಳೆಯ ಸೆನ್ಸರ್ ತುಕ್ಕು ಹಿಡಿದು ಕೂತಿದೆ, ಬಿಚ್ಚಲು ಹೋದರೆ ಒಳಗೇ ತುಂಡಾಗುತ್ತದೆ ಎಂದ. ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಪೈಪನ್ನು ನಡುವೆ ಕತ್ತರಿಸಿ, ಹಿತ್ತಾಳೆಯ ಟೀ, ಅಂದರೆ ಇಂಗ್ಲಿಷಿನ T ಅಕ್ಷರದ ಆಕಾರದ ಮೂರು ಬಾಯಿಯ ಜೋಡಣೆ, ಜೋಡಿಸಿ, ಅದರಲ್ಲಿ ಹೊಸ ಸೆನ್ಸರ್ ಕೂರಿಸಿದ. ಪೈಪು ಹಳೆಯದು, ಬಿರುಸಾಗಿತ್ತು. ಕ್ಲಿಪ್ಪನ್ನು ತನ್ನ ಶಕ್ತಿಯಿದ್ದಷ್ಟೂ ಬಿಗಿದ. ಡ್ಯಾಶ್‌ಬೋರ್ಡಿಗೆ ತೂತು ಕೊರೆದು ಮೀಟರ್ ಇಟ್ಟ, ನೋಡಲು ಚಂದವಾಗಿಯೇ ಇತ್ತು. ಆ ತೂತು ಇನ್ನೂ ಇದೆ, ನಿಮ್ಮಪ್ಪ ಬಸವಣ್ಣನ ಸ್ಟಿಕ್ಕರ್ ಅಂಟಿಸಿ ಮುಚ್ಚಿದ್ದಾನೆ.

ಗುಳೇದಗುಡ್ಡದ ಅಳಿಯನ ತಂಗಿಯ ಮದುವೆ, ವಿಜಯಪುರದಲ್ಲಿ. ಮೇ ತಿಂಗಳ ಬಿಸಿಲು. ನಾನು ಓಡಿಸುತ್ತಿದ್ದೆ, ನಿಮ್ಮಪ್ಪ ಪಕ್ಕದಲ್ಲಿ ಕೂತಿದ್ದ. ಬೀಳಗಿ ಕ್ರಾಸಿನವರೆಗೂ ಮುಳ್ಳು 80ರ ಮೇಲೆ ಅಲುಗಾಡದೆ ನಿಂತಿತ್ತು. ಕೊರ್ತಿ ದಾಟಿ ಕೊಲ್ಹಾರದ ಸೇತುವೆ ಏರಿದೆವು. ಸುಮಾರು 3 ಕಿಲೋಮೀಟರ್ ಉದ್ದ, ಎರಡೂ ಕಡೆ ಕೃಷ್ಣೆಯ ಹಿನ್ನೀರು, ನೆರಳು ಎಂಬುದು ಇಲ್ಲ. ಅಲ್ಲಿ ಮುಳ್ಳು ಇಳಿಯತೊಡಗಿತು. 80 ಹೋಗಿ 70, ಆಮೇಲೆ 60. ನಾನು ಏನಿದು ಎಂದೆ. ನಿಮ್ಮಪ್ಪ, ಹೊಳೆಯ ಗಾಳಿ ಅಣ್ಣಾ, ಎಂಜಿನ್ ತಂಪಾಗುತ್ತಿದೆ, ನಡೆ ಎಂದ. ಈ ಮಾತನ್ನು ಅವನು ಈಗ ಒಪ್ಪುವುದಿಲ್ಲ, ಆದರೆ ಹಿಂದೆ ಕೂತಿದ್ದ ಜಮಖಂಡಿಯ ಅತ್ತೆ ಸಾಕ್ಷಿ ಇದ್ದಾಳೆ, ಬೇಕಿದ್ದರೆ ಇಲ್ಲಿಯೇ ಹೇಳಲಿ. ಅವನ ಮಾತು ಮುಗಿಯುವಷ್ಟರಲ್ಲಿ ಸುಟ್ಟ ಬಣ್ಣದ ವಾಸನೆ ಬಂತು, ಎಂಜಿನ್ನಿನ ಸದ್ದು ಒಣಗಿದಂತಾಯಿತು, ಆಕ್ಸಿಲರೇಟರ್ ಒತ್ತಿದರೂ ಎಳೆಯಲೊಲ್ಲದು. ಬದಿಗೆ ತರುವ ಮೊದಲೇ ನಿಂತುಬಿಟ್ಟಿತು. ಕೀಲಿ ತಿರುಗಿಸಿದರೆ ಟಿಕ್ ಎಂಬ ಸದ್ದು ಒಂದೇ, ಎಂಜಿನ್ ಬಿಸಿಗೆ ಒಳಗೇ ಹಿಡಿದುಕೊಂಡು ತಿರುಗದಂತಾಗಿತ್ತು.

ಬಾನೆಟ್ ಎತ್ತಿ ನೋಡಿದರೆ ಟೀ ಹಾಕಿದ ಜಾಗದಲ್ಲಿಯೇ, ಕ್ಲಿಪ್ಪಿನ ಅಂಚಿಗೆ, ಪೈಪು ಬಾಯಿ ಬಿಟ್ಟಿತ್ತು. ಬಾನೆಟ್ಟಿನ ಒಳಮೈಗೆ ತುಕ್ಕಿನ ನೀರು ಸಿಡಿದು ಆಗಲೇ ಒಣಗಿ ಕೆಂಪು ಚುಕ್ಕೆಯಾಗಿತ್ತು. ರೇಡಿಯೇಟರಿನಲ್ಲಿ ಹನಿ ನೀರಿಲ್ಲ. ಮೀಟರ್ ಮಾತ್ರ 60 ತೋರಿಸುತ್ತಾ ಕೂತಿತ್ತು.

ಮೀಟರ್ ಸುಳ್ಳು ಹೇಳಲಿಲ್ಲ, ಅದು ತಿಳಿದುಕೋ. ಸೆನ್ಸರ್ ತನಗೆ ತಾಗಿದ್ದರ ಬಿಸಿಯನ್ನಷ್ಟೇ ಹೇಳುತ್ತದೆ. ನೀರು ಸೋರಿ ಹೋದ ಮೇಲೆ ಪಂಪು ತಿರುಗಿದರೂ ತಳ್ಳಲು ಏನೂ ಇಲ್ಲ. ಆ ಪೈಪಿಗೆ ಬಿಸಿನೀರು ಬರುವುದಿಲ್ಲ, ಹಿತ್ತಾಳೆಗೆ ಫ್ಯಾನಿನ ಗಾಳಿ ಬಡಿಯುತ್ತದೆ, ಮುಳ್ಳು ಇಳಿಯುತ್ತದೆ. ಅತ್ತ ಹೆಡ್ಡು ಕಾದು ಕೆಂಡವಾಗುತ್ತಿರುತ್ತದೆ. ಅದಕ್ಕೇ ಮತ್ತೆ ಹೇಳುತ್ತೇನೆ, ಮುಳ್ಳು ಕೆಳಗಿದೆ ಎಂದು ನಿಶ್ಚಿಂತೆಯಿಂದ ಓಡಿಸಬೇಡ. ಇಳಿಯಿತೋ, ಬದಿಗೆ ಹಚ್ಚು, ಎಂಜಿನ್ ಆರಿಸು, ಆರಿದ ಮೇಲೆ ನೀರು ನೋಡು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಕೈ ಹಚ್ಚಬೇಡ, ಮುಖ ಸುಟ್ಟುಕೊಳ್ಳುತ್ತೀಯ.

ಆ ದಿನ ನಿಮ್ಮಪ್ಪ ಏನು ಮಾಡಿದ ಗೊತ್ತೇ? ಹೆಂಗಸರನ್ನು ಒಂದು ಟೆಂಪೋದಲ್ಲಿ ಹತ್ತಿಸಿ, ತಾನೂ ಹತ್ತಿ, ಯಾರನ್ನಾದರೂ ಕಳಿಸುತ್ತೇನೆ ಎಂದು ಹೋದ. ನಾನು ಸೇತುವೆಯ ಮೇಲೆ, ತಲೆಗೆ ಟವೆಲ್ ಸುತ್ತಿಕೊಂಡು, ಹೋಗಿ ಬರುವ ಲಾರಿಗಳನ್ನು ನೋಡುತ್ತಾ ನಿಂತೆ. ಅಕ್ಷತೆ ಬಿತ್ತು, ಊಟವಾಯಿತು, ಎರಡನೆಯ ಪಂಕ್ತಿಯೂ ಎದ್ದಿತು, ಯಾರೂ ಬರಲಿಲ್ಲ. ಹೊತ್ತು ಇಳಿದ ಮೇಲೆ ಕೊಲ್ಹಾರದ ರೈತನೊಬ್ಬ, ಗುರುತು ಪರಿಚಯ ಇಲ್ಲದವನು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಬೋರಿಂಗ್, ಪಿಸ್ಟನ್, ಹೆಡ್ಡಿನ ಫೇಸಿಂಗ್, ಗ್ಯಾಸ್ಕೆಟ್, ಎಲ್ಲದಕ್ಕೂ ನಿಮ್ಮ ದೊಡ್ಡವ್ವನ ಬಳೆ ಒತ್ತೆ ಬಿದ್ದವು. ಪಾಲಾದಾಗ ಜೀಪು ಯಾರಿಗೆ ಹೋಯಿತು? ನಿಮ್ಮಪ್ಪನಿಗೆ. ಅದರ ಮೇಲೆ, ಅಣ್ಣನಿಗೆ ಗಾಡಿ ಕೊಟ್ಟರೆ ಎಂಜಿನ್ ಉಳಿಯುವುದಿಲ್ಲ ಎಂದು ಊರ ತುಂಬ ಹೇಳಿಕೊಂಡು ಬಂದ. ನಾನು ಒಂದು ದಿನ ಬಾಯಿ ಬಿಟ್ಟಿಲ್ಲ. ಈಗಲೂ ಬಿಡುತ್ತಿರಲಿಲ್ಲ, ನೀನು ಕೇಳಿದೆ ಎಂದು ಹೇಳಿದೆ.

ದೊಡ್ಡವ್ವ ಅಡುಗೆಮನೆಯಿಂದಲೇ ಕೂಗುತ್ತಿದ್ದಾಳೆ, ಹುಡುಗ ಕೇಳಿದ್ದು ಮೀಟರಿನ ಬಗ್ಗೆ ಎಂದು. ಸರಿ, ಹೇಳುತ್ತೇನೆ.

ಹೋಸ್ ಪೈಪು ಕತ್ತರಿಸಲು ಬಿಡಬೇಡ. ಹಳೆಯ ಸೆನ್ಸರಿಗೆ ಎರಡು ಮೂರು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಬಿಡುತ್ತಾ ಬಾ, ನಿಧಾನವಾಗಿ ಬಿಚ್ಚಿಸು, ಹೊಸದು ಅದೇ ಜಾಗಕ್ಕೆ ಹೋಗಲಿ. ಮೀಟರ್ ಒಂದು ಕಂಪನಿಯದು, ಸೆನ್ಸರ್ ಇನ್ನೊಂದರದು ಆಗಬಾರದು, ಲೆಕ್ಕ ತಪ್ಪು ಬರುತ್ತದೆ. ಒಂದೇ ತಂತಿಯ ಸೆನ್ಸರಿಗೆ ಅರ್ಥಿಂಗ್ ಸಿಗುವುದು ಅದರ ಥ್ರೆಡ್ಡಿನಿಂದ. ಅದಕ್ಕೆ ಟೆಫ್ಲಾನ್ ಟೇಪ್ ಸುತ್ತಿ ಸುತ್ತಿ ಕೂರಿಸಿದರೆ ಅರ್ಥಿಂಗ್ ತಪ್ಪುತ್ತದೆ. ಹಾಕುವ ಮೊದಲು ಮೀಟರಿಗೆ ಬ್ಯಾಟರಿ ಕೊಟ್ಟು, ಸೆನ್ಸರಿನ ಮೈಗೆ ಅರ್ಥಿಂಗ್ ತಂತಿ ಕಟ್ಟಿ, ಕುದಿಯುವ ನೀರಿನಲ್ಲಿ ಅದರ ತುದಿ ಅದ್ದಿ ನೋಡು. ನಮ್ಮ ಎತ್ತರದಲ್ಲಿ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸು. ಮೀಟರ್ 80 ಎಂದರೆ ಅಂಗಡಿಗೆ ವಾಪಸ್ ಕೊಡು. ಆಯಿಲಿನದು ಬೇರೆ. ಅಲ್ಲಿ ಟೀ ಹಾಕಬೇಕಾಗುತ್ತದೆ, ಹಾಕಲಿ, ಆದರೆ ಆಯಿಲ್ ಪ್ರೆಶರ್ ಇಳಿದರೆ ಹೊತ್ತುವ ಹಳೆಯ ಕೆಂಪು ದೀಪದ ಸ್ವಿಚ್ಚನ್ನು ತೆಗೆಯಬಾರದು. ಆಯಿಲ್ ಪೈಪನ್ನೇ ಮೀಟರಿನವರೆಗೆ ಎಳೆಯುವ ನಮೂನೆಯದು ಬೇಡ, ಒಡೆದರೆ ಬಿಸಿ ಎಣ್ಣೆ ಕಾಲಿನ ಮೇಲೆ ಬೀಳುತ್ತದೆ. ಕರೆಂಟನ್ನು ಕೀಲಿಯ ಕಡೆಯಿಂದ, ಫ್ಯೂಸ್ ಹಾಕಿ ತೆಗೆದುಕೊಳ್ಳಲಿ. ವೋಲ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಂಜಿನ್ ಓಡುವಾಗ 14ರ ಹತ್ತಿರ ಇದ್ದರೆ ಸಾಕು.

ಮುಖ್ಯವಾದದ್ದನ್ನು ಹೇಳುವುದೇ ಉಳಿದಿತ್ತು. ನೀರಿನ ಬಿಸಿಯನ್ನಲ್ಲ, ಲೋಹದ ಬಿಸಿಯನ್ನೇ ನೋಡುವ ಸೆನ್ಸರ್ ಬರುತ್ತದೆ, ಉಂಗುರದ ಹಾಗೆ, ಬೋಲ್ಟಿನ ಕೆಳಗೆ ಕೂರುವಂಥದ್ದು. ನೀರು ಪೂರ್ತಿ ಹೋದರೂ ಅದು ಬಿಸಿ ತೋರಿಸುತ್ತದೆ. ಹೆಡ್ಡಿನ ಮೇಲಿರುವ ಯಾವುದಾದರೂ ಸಣ್ಣ ಬೋಲ್ಟಿಗೆ ಅದನ್ನು ಹಾಕಿಸು, ಹೆಡ್ ನಟ್ಟುಗಳನ್ನು ಮಾತ್ರ ಸಡಿಲಿಸಬಾರದು. ಕೂಗುವ ಅಲಾರಂ ಜೊತೆಗಿರಲಿ. ಮೊದಲು ಲೋಕಾಪುರದವರೆಗೆ ಒಂದು ಸುತ್ತು ಹೋಗಿ ಬಂದು ಎಷ್ಟರಲ್ಲಿ ನಿಲ್ಲುತ್ತದೆ ನೋಡು, ಅದಕ್ಕಿಂತ 10-15 ಡಿಗ್ರಿ ಮೇಲೆ ಅಲಾರಂ ಇಡು. ಮೇಲಿನ ಹೋಸ್, ಕೆಳಗಿನ ಹೋಸ್ ಎರಡನ್ನೂ ಹುಣ್ಣಿಮೆಗೆ ಮೊದಲು ಬದಲಿಸು. ಹಣ ಕೊಡುವ ಮೊದಲು ಅಂಗಡಿಯವನಿಂದ ಸೆನ್ಸರಿನ ಥ್ರೆಡ್ಡಿನ ಫೋಟೋ ತರಿಸಿ ಇಲ್ಲಿ ಹಾಕು, ನಮ್ಮ ಹೆಡ್ಡಿಗೆ ಕೂರುತ್ತದೋ ಇಲ್ಲವೋ ನೋಡಿ ಹೇಳುತ್ತೇನೆ.