ಪದಚರ್ಚೆ: ‘ಆಮಿನಸ್ಲಿ’ಗೆ ಕನ್ನಡದಲ್ಲಿ ಏನು? (ಬೋರ್ಡಿಗೆ ಬೇಕು, ಅರ್ಜೆಂಟು)

ಹೊಸನಗರದ ಮೇಡಂ ಕೇಳಿದ್ದು ಒಂದೇ ಸಾಲು: ಗುಡ್ಡ ಜರಿಯುವ ಜಾಗದ ಎಚ್ಚರಿಕೆ ಬೋರ್ಡಿಗೆ ಇಂಗ್ಲಿಷಿನ ‘ಆಮಿನಸ್ಲಿ’ (ominously) ಪದಕ್ಕೆ ಕನ್ನಡ ಏನು? ಸಂಜೆಗೆ ಪೇಂಟರ್ ಬರುತ್ತಾನೆ ಎಂದೂ ಹೇಳಿದ್ದರು. ಬೆಳಿಗ್ಗೆಯಿಂದ ರಾಶಿ ಉತ್ತರ ಬಂದಿವೆ, ಬೋರ್ಡಿನ ಮೇಲೆ ಬರೆಯುವಂಥದ್ದು ಒಂದೂ ಇಲ್ಲ.

ಅವರ ಕೈಲಿರುವ ಇಂಗ್ಲಿಷ್ ಸಾಲಿನ ಅರ್ಥ ಇಷ್ಟು: ಇಳಿಜಾರಿನಿಂದ ‘ಆಮಿನಸ್ಲಿ’ ಸದ್ದು ಬಂದರೆ ಕೂಡಲೇ ಜಾಗ ಬಿಡಿ.

ಮೊದಲು ‘ಅಪಾಯಕಾರಿಯಾಗಿ’ ಬಿಟ್ಟುಬಿಡಿ. ಬಸ್ಸಿನ ಫುಟ್‌ಬೋರ್ಡ್ ಮೇಲೆ ನೇತಾಡುವವನು ಅಪಾಯಕಾರಿಯಾಗಿ ಹೋಗುತ್ತಾನೆ, ಆಮಿನಸ್ಲಿ ಹೋಗುವುದಿಲ್ಲ. ಆಮಿನಸ್ಲಿ ಅಂದಾಗ ಕೆಟ್ಟದ್ದು ಇನ್ನೂ ಆಗಿಲ್ಲ, ಆಗುವ ಸುಳಿವು ಮಾತ್ರ ಇದೆ. ‘ಬೆದರಿಸುವಂತೆ’ ಕೂಡ ಆಗದು. ಬೆದರಿಸುವುದಕ್ಕೆ ಒಬ್ಬ ಆಸಾಮಿ ಬೇಕು, ಅವನಿಗೆ ಒಂದು ಉದ್ದೇಶ ಬೇಕು. ನಾಯಿ ಬೆದರಿಸುವಂತೆ ಗುರ್ ಎನ್ನಬಹುದು. ಗುಡ್ಡಕ್ಕೆ ಯಾರ ಮೇಲೂ ಸಿಟ್ಟಿಲ್ಲ.

‘ಅನಿಷ್ಟಸೂಚಕವಾಗಿ’ ಅರ್ಥದಲ್ಲಿ ಸರಿಯಾಗಿದೆ. ಆದರೆ ಆಶ್ಲೇಷ ಮಳೆಯಲ್ಲಿ ಕೊಡೆ ಹಿಡಿದು ನಿಂತವನು ಅದನ್ನು ಓದಿ ಮುಗಿಸುವಷ್ಟರಲ್ಲಿ ಗುಡ್ಡ ರಸ್ತೆಗೆ ಬಂದಿರುತ್ತದೆ.

‘ಕೇಡುಸೂಚಕ’ ಎಂದವರ ಮೇಲೆ, ಅದು ಅರಿಸಮಾಸ (ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ತಪ್ಪು ಸಮಾಸ) ಎಂದು ಹರಿಹಾಯ್ದ ರಾಯರಿಗೆ ಒಂದು ಮಾತು. ಮುಂದಿನ ಉತ್ತರದಲ್ಲೇ ತಾವು ‘ಮುನ್ಸೂಚನೆ’ ಎಂದು ಬರೆದಿದ್ದೀರಿ. ಮುನ್ ನಮ್ಮದು, ಸೂಚನೆ ಸಂಸ್ಕೃತದ್ದು. ಅದು ಅರಿಸಮಾಸ ಅಲ್ವಾ? ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಗೆ ರಿಯಾಯಿತಿ ಕೊಟ್ಟಿದ್ದಾನೆ, ಹವಾಮಾನದವರಿಗೆ ನಾವೂ ಕೊಡೋಣ ಬಿಡಿ.

ಇನ್ನು, ಮುಂದೆ ಬರುವ ಕೇಡು ಎಂಬರ್ಥದಲ್ಲಿ ಹೊಸದಾಗಿ ಕಟ್ಟಿಕೊಟ್ಟ ‘ಮುಂಗೇಡಾಗಿ’. ಕ್ರಿಯಾಪದದ ಮೊದಲ ಸ್ವರ ಉದ್ದವಾಗಿ ನಾಮಪದ ಆಗುವುದು, ಕೆಡು-ಕೇಡು, ಪಡು-ಪಾಡು, ಬಿಡು-ಬೀಡು, ಎಲ್ಲ ಒಪ್ಪಿದೆ. ಮುಂಗಾರು ಇರುವಾಗ ಮುಂಗೇಡು ಯಾಕಿರಬಾರದು ಅನ್ನುವ ವಾದವೂ ಸರಿಯೇ. ಆದರೆ ಬೋರ್ಡಿನಲ್ಲಿ ಮುಂಗೇಡು ಎಂದು ಓದಿದವನು ಮುಂಗಡ ಎಷ್ಟು ಅಂತ ಕೇಳುತ್ತಾನೆ.

ಪದದ ಬೇರು ಕೆದಕುವ ಚಪಲ ನನಗೂ ಇದೆ, ಒಂದು ನಿಮಿಷ ತಡೆದುಕೊಳ್ಳಿ. ಆಮಿನಸ್ ಬಂದದ್ದು ಲ್ಯಾಟಿನ್ನಿನ ‘ಒಮೆನ್’ನಿಂದ, ಅಂದರೆ ಶಕುನ. ಒಮೆನ್ ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಇಂಗ್ಲಿಷಿನಲ್ಲಿ ಆಮಿನಸ್ ಆಗುವ ಹೊತ್ತಿಗೆ ಕೆಟ್ಟದ್ದು ಮಾತ್ರ ಉಳಿಯಿತು. ನಮ್ಮ ಶಕುನ ಈಗಲೂ ಎರಡೂ ಕಡೆಗಿದೆ. ಎಡಗಣ್ಣು ಅದುರಿದರೆ ಹೆಂಗಸರಿಗೆ ಒಳ್ಳೆಯದು, ಗಂಡಸರಿಗೆ ಕೆಟ್ಟದ್ದು ಎನ್ನುತ್ತಾರೆ. ಕಣ್ಣು ಒಂದೇ! ಸಂಸ್ಕೃತದಲ್ಲಿ ಶಕುನ ಅಂದರೆ ಮೊದಲಿಗೆ ಹಕ್ಕಿ. ಹಕ್ಕಿಗಳು ಕಾಪಾಡಿದ ಮಗು ಶಕುಂತಲೆಯಾದಳು. ಅತ್ತ ರೋಮಿನವರೂ ಹಕ್ಕಿ ಹಾರುವುದನ್ನು ನೋಡಿಯೇ ಶಕುನ ಹೇಳುತ್ತಿದ್ದರು. ಇಂಗ್ಲಿಷಿನ ‘ಆಸ್ಪಿಷಸ್’ ಹುಟ್ಟಿದ್ದು ಆ ಹಕ್ಕಿ ನೋಟದಿಂದ. ಆದ್ದರಿಂದ ‘ಅಪಶಕುನದಂತೆ’ ಎಂದವರು ಬೇರಿಗೆ ತೀರ ಹತ್ತಿರ ಇದ್ದಾರೆ. ಕಥೆ ಕಾದಂಬರಿಗೆ ಅದು ಚೆನ್ನ. ಗುಡ್ಡದ ಬೋರ್ಡಿಗೆ ಹಾಕಿದರೆ ಜನ ಪೂಜೆಗೆ ಹೊರಡುತ್ತಾರೆ, ಜಾಗ ಬಿಡುವುದಿಲ್ಲ.

ಇಂಗ್ಲಿಷಿನವರು ‘-ಲಿ’ ಹಚ್ಚಿ ಹೇಳಿದ್ದನ್ನು ನಾವೂ ‘-ಆಗಿ’ ಹಚ್ಚಿಯೇ ಹೇಳಬೇಕು ಎಂದು ಎಲ್ಲರೂ ಕೂತಿರುವುದರಿಂದ ಇಷ್ಟೆಲ್ಲ ತಿಣುಕಾಟ. ಆ ಭಯವನ್ನು ಕನ್ನಡ ಬೇರೆ ಕಡೆ ಇಡುತ್ತದೆ. ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಗರಿಷ್ಠ ಮಟ್ಟ 1819 ಅಡಿ. ನೀರು ಅದರ ಹತ್ತಿರ ಬಂದಾಗ ಇಂಗ್ಲಿಷಿನಲ್ಲಿ ‘ಆಮಿನಸ್ಲಿ ಕ್ಲೋಸ್’ ಅನ್ನಬಹುದು. ಕನ್ನಡದಲ್ಲಿ? ‘ಭರ್ತಿಗೆ ಇನ್ನು ಮೂರೇ ಅಡಿ.’ ಆ ‘ಏ’ಕಾರ ಒಂದೇ ಸಾಕು, ಹೊಳೆ ದಂಡೆಯವನು ಗಂಟು ಕಟ್ಟುತ್ತಾನೆ. ಕಾಡು ಆಮಿನಸ್ಲಿ ಮೌನವಾಗಿತ್ತು ಎನ್ನುವಲ್ಲಿ ‘ಒಂದು ಜೀರುಂಡೆಯ ಸದ್ದೂ ಇಲ್ಲ, ಯಾಕೋ ಸರಿ ಕಾಣಲಿಲ್ಲ’ ಎಂದರೆ ಮುಗಿಯಿತು. ಅವನು ಆಮಿನಸ್ಲಿ ನಕ್ಕ ಅನ್ನುವುದು ‘ಅವನ ನಗು ನೋಡಿ ಎದೆ ಝಲ್ಲೆಂದಿತು’ ಆಗುತ್ತದೆ. ಕ್ರಿಕೆಟ್ ವರದಿಯಲ್ಲಿ ಯಾರೋ ಆಮಿನಸ್ಲಿ ಚೆನ್ನಾಗಿ ಆಡುತ್ತಿದ್ದಾನೆ ಎಂದು ಬರೆದರೆ ಅಲ್ಲಿ ಕೇಡೂ ಇಲ್ಲ, ಶಕುನವೂ ಇಲ್ಲ. ಎದುರು ತಂಡಕ್ಕೆ ಇವತ್ತು ಕಷ್ಟ, ಅಷ್ಟೇ.

ನಮ್ಮ ಕಡೆ ಇದಕ್ಕೆಲ್ಲ ಸುಮ್ನೆ ಒಂದು ಮಾತಿದೆ: ‘ಲಕ್ಷಣ ನೆಟ್ಟಗಿಲ್ಲ.’ ಮೋಡ ಕವಿದರೂ ಅದೇ, ದನ ಮೇವು ಬಿಟ್ಟರೂ ಅದೇ, ಹಿಂದಿನ ಧರೆಯಿಂದ ಮಣ್ಣು ಉದುರಿದರೂ ಅದೇ. ಬಯಲುಸೀಮೆಯವರಿಗಾಗಿ: ಮಲೆನಾಡಿನಲ್ಲಿ ಧರೆ ಅಂದರೆ ಭೂಮಿ ಅಲ್ಲ. ಮನೆಗೋ ರಸ್ತೆಗೋ ಗುಡ್ಡ ಕಡಿದಾಗ ಪಕ್ಕದಲ್ಲಿ ನೆಟ್ಟಗೆ ನಿಲ್ಲುತ್ತದಲ್ಲ, ಆ ಮಣ್ಣಿನ ಗೋಡೆ.

‘ಲಕ್ಷಣವೂ ಸಂಸ್ಕೃತವೇ ಅಲ್ವಾ’ ಎಂದು ಯಾರೋ ಟೈಪ್ ಮಾಡುತ್ತಿರಬೇಕು. ಹೌದು, ಸಂಸ್ಕೃತವೇ. ಜಮೀನು ಫಾರಸಿ, ಅಲಮಾರು ಪೋರ್ಚುಗೀಸ್. ಪಹಣಿ ಮಾಡಿಸುವಾಗ ಈ ಮಡಿ ಎಲ್ಲಿರುತ್ತದೆ? ಹಾಗಂತ ‘ಆಮಿನಸ್ ಅಂತಲೇ ಬರೆಯಿರಿ, ಬಸ್ಸು ಬರಲಿಲ್ಲವಾ’ ಎಂದ ತಮ್ಮನಿಗೂ ನನ್ನ ಒಪ್ಪಿಗೆ ಇಲ್ಲ. ಬಸ್ಸು ಹೆಸರು ಹೊತ್ತುಕೊಂಡೇ ಬಂತು. ಗುಡ್ಡ ಜರಿಯುವ ಭಯ ಬಸ್ಸಿಗಿಂತ ಮೊದಲೇ ಇಲ್ಲಿತ್ತು.

ಮೇಡಂ, ನಿಮ್ಮ ಇಂಗ್ಲಿಷ್ ಸಾಲಿನಲ್ಲೇ ಒಂದು ಕೊರತೆ ಇದೆ. ಎಂಥ ಸದ್ದು ಎಂದು ಅದು ಹೇಳುವುದಿಲ್ಲ. ಓಡಬೇಕಾದವನಿಗೆ ಬೇಕಾದ್ದು ಅದೇ. ಗುಡ್ಡ ಜರಿಯುವ ಮೊದಲು ಕೆಲವು ಸಲ ಒಳಗಿನಿಂದ ಗುಡುಗುಡು ಕೇಳುತ್ತದೆ, ಮರದ ಬೇರು ಪಟಪಟ ಹರಿಯುತ್ತದೆ. ನೆಲ ಬಿರುಕು ಬಿಡುತ್ತದೆ, ಮರ, ಕಂಬ ವಾಲುತ್ತವೆ. ತಿಳಿಯಾಗಿ ಹರಿಯುತ್ತಿದ್ದ ಹಳ್ಳ ಇದ್ದಕ್ಕಿದ್ದಂತೆ ಕೆಂಪಾಗುತ್ತದೆ, ಇಲ್ಲವೇ ಮಳೆ ಸುರಿಯುತ್ತಿದ್ದರೂ ನೀರು ಕಡಿಮೆಯಾಗುತ್ತದೆ. ಪೇಂಟರಿಗೆ ಹೀಗೆ ಕೊಡಿ:

ಧರೆ ಜರಿಯುವ ಜಾಗ. ಗುಡುಗುಡು ಸದ್ದು ಕೇಳಿದರೆ, ಮರ ವಾಲಿದರೆ, ಹಳ್ಳದ ನೀರು ಕೆಂಪಾದರೆ ನಿಲ್ಲಬೇಡಿ. ಕೂಡಲೇ ದೂರ ಹೋಗಿ.

ಜಾಗ ಕಡಿಮೆ ಬಿದ್ದರೆ ಹಳ್ಳ ಬಿಡಿ, ಸದ್ದು ಬಿಡಬೇಡಿ. ರಾತ್ರಿ ಕೇಳುವುದು ಅದೊಂದೇ. ಹೊಳೆ ಪಕ್ಕದ ಎರಡನೇ ಬೋರ್ಡಿನ ಇಂಗ್ಲಿಷ್ ಪೂರ್ತಿ ಕಳಿಸಿ, ಬರೀ ಪದ ಕೇಳಬೇಡಿ. ಮತ್ತೆ ಇದೇ ರಾಮಾಯಣ ಆಗುತ್ತದೆ.