ಪದಚರ್ಚೆ: ಡೋಪಮೈನೂ ನ್ಯೂರೋಪೆಪ್ಟೈಡೂ ಒಂದೇ ‘ನರವಾಹಕ’ವೇ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಪಿಯು ಮಕ್ಕಳಿಗಾಗಿ ಮಿದುಳಿನ ಬಗ್ಗೆ ಕನ್ನಡದಲ್ಲಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯ ನೋಡಿ ಬಂದ ಮಕ್ಕಳಿಗೆ ಮಿದುಳು ಹೇಗಿರುತ್ತದೆ ಅಂತ ಗೊತ್ತು. ಅದರೊಳಗೆ ಸುದ್ದಿ ಹೇಗೆ ಓಡಾಡುತ್ತದೆ ಅನ್ನುವುದನ್ನು ಗಾಜಿನ ಜಾಡಿಯಲ್ಲಿ ಇಟ್ಟು ತೋರಿಸಲು ಆಗುವುದಿಲ್ಲ, ಬರೆದೇ ಹೇಳಬೇಕು. ಬರೆಯಲು ಕೂತರೆ ಹೆಜ್ಜೆಹೆಜ್ಜೆಗೂ ಪದಗಳ ತಕರಾರು.

ನ್ಯೂರೋಟ್ರಾನ್ಸ್‌ಮಿಟರ್‌ಗೆ, ಅಂದರೆ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ರಾಸಾಯನಿಕಕ್ಕೆ, ‘ನರವಾಹಕ’, ‘ನರಪ್ರೇಕ್ಷಕ’ ಎರಡೂ ಬಳಕೆಯಲ್ಲಿವೆ. ಎರಡನೆಯದು ‘ಪ್ರೇಷಕ’ ಆಗಬೇಕಿತ್ತೋ ಏನೋ. ಪ್ರೇಕ್ಷಕ ಅಂದರೆ ಸಿನಿಮಾ ನೋಡುವವನು ಅಲ್ವಾ! ‘ನರ’ ಕೂಡ ಪೂರ್ತಿ ನೆಟ್ಟಗಿಲ್ಲ. ರಕ್ತ ತೆಗೆಯುವಾಗ ‘ನರಾನೇ ಸಿಗ್ತಿಲ್ಲ’ ಅನ್ನುತ್ತಾರಲ್ಲ, ಅದು ರಕ್ತನಾಳ. ಇರಲಿ, ಸಂದರ್ಭದಿಂದ ಅರ್ಥ ಆಗುತ್ತದೆ. ನನ್ನ ಕಷ್ಟ ಬೇರೆ. ಡೋಪಮೈನನ್ನೂ ನ್ಯೂರೋಪೆಪ್ಟೈಡ್‌ಗಳನ್ನೂ ಒಂದೇ ಹೆಸರಿನಲ್ಲಿ ಕಟ್ಟಿಹಾಕಿದರೆ, ಇವೆರಡೂ ಸೇರಿ ಮಾಡುವ ಕೆಲಸವೇ ಮಕ್ಕಳಿಗೆ ತಿಳಿಯುವುದಿಲ್ಲ.

ಡೋಪಮೈನ್ ಪುಟ್ಟ ಅಣು. ಟೈರೋಸಿನ್ ಅನ್ನುವ ಅಮೈನೋ ಆಮ್ಲ ಮೊದಲು ಎಲ್-ಡೋಪಾ ಆಗುತ್ತದೆ, ಆಮೇಲೆ ಡೋಪಮೈನ್. (ಮುಟ್ಟಿದರೆ ತುರಿಸಿ ತುರಿಸಿ ಸಾಕಾಗುವ ನಸುಗುನ್ನಿ ಇದೆಯಲ್ಲ, ಅದರ ಬೀಜದಲ್ಲೂ ಎಲ್-ಡೋಪಾ ಇದೆ. 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿದ್ದರು. ಪಾರ್ಕಿನ್ಸನ್ ಕಾಯಿಲೆಗೆ ಇವತ್ತಿಗೂ ಮುಖ್ಯ ಔಷಧಿ ಎಲ್-ಡೋಪಾನೇ.) ಡೋಪಮೈನ್ ನರಕೋಶದ ತುದಿಯಲ್ಲೇ ತಯಾರಾಗಿ, ಸಣ್ಣ ಕೋಶಿಕೆಗಳಲ್ಲಿ (ಕೋಶದೊಳಗಿನ ಪುಟ್ಟ ಚೀಲಗಳಲ್ಲಿ) ತುಂಬಿಕೊಳ್ಳುತ್ತದೆ. ಹೊರಗೆ ಬಂದು ಕೆಲಸ ಮುಗಿಸಿದ ಮೇಲೆ ಅದರಲ್ಲಿ ಬಹುಪಾಲನ್ನು ಅದೇ ತುದಿ ವಾಪಸ್ ಎಳೆದುಕೊಂಡು ಮತ್ತೆ ಬಳಸುತ್ತದೆ.

ನ್ಯೂರೋಪೆಪ್ಟೈಡ್‌ಗಳ ದಾರಿಯೇ ಬೇರೆ. ಇವು ಅಮೈನೋ ಆಮ್ಲಗಳ ಸರಗಳು. ಎನ್ಕೆಫಲಿನ್‌ನಲ್ಲಿ 5, ಆಕ್ಸಿಟೋಸಿನ್‌ನಲ್ಲಿ 9, ಸಬ್‌ಸ್ಟೆನ್ಸ್ ಪಿಯಲ್ಲಿ 11, ಬೀಟಾ ಎಂಡಾರ್ಫಿನ್‌ನಲ್ಲಿ 31. ತುದಿಯಲ್ಲಿ ಇವನ್ನು ಮಾಡಲು ಆಗದು. ಕೋಶದ ಒಡಲಲ್ಲಿ ಒಂದು ಉದ್ದನೆಯ ಪ್ರೋಟೀನ್ ತಯಾರಾಗಬೇಕು, ಅದು ತುಂಡಾಗಬೇಕು, ದೊಡ್ಡ ಕೋಶಿಕೆಗಳಲ್ಲಿ ತುಂಬಿ ತುದಿಯವರೆಗೆ ಸಾಗಬೇಕು. ಬಿಡುಗಡೆಯಾದ ಮೇಲೆ ಕಿಣ್ವಗಳು ಕತ್ತರಿಸಿ ಹಾಕುತ್ತವೆ, ವಾಪಸ್ ಹೋಗುವ ಮಾತಿಲ್ಲ. ದರ್ಶಿನಿಯಲ್ಲಿ ಸ್ಟೀಲ್ ಲೋಟ ತೊಳೆದು ಮತ್ತೆ ಕಾಫಿ ತುಂಬುತ್ತಾರೆ, ಊಟದ ಎಲೆಯನ್ನು ಬಿಸಾಡುತ್ತಾರೆ. ಡೋಪಮೈನ್ ಲೋಟ, ಪೆಪ್ಟೈಡ್ ಎಲೆ. ಹಾಗಾಗಿ ರೀಅಪ್‌ಟೇಕ್‌ಗೆ ‘ಮರುಹೀರಿಕೆ’ಗಿಂತ ‘ಮರಳಿ ಎಳೆತ’ ನನಗೆ ಹಿಡಿಸಿತು. ‘ಹೀರಿಕೆ’ ಅಂದರೆ ನೀರು ಇಂಗಿದ ಹಾಗೆ ಕೇಳುತ್ತದೆ. ಇಲ್ಲಿ ಒಂದು ಪ್ರೋಟೀನು ಅಣುವನ್ನು ಹಿಡಿದು ಒಳಗೆ ಸಾಗಿಸುತ್ತಿರುತ್ತದೆ.

ಇವೆರಡೂ ಬೇರೆಬೇರೆ ಕೋಶಗಳಲ್ಲಿ ಇದ್ದಿದ್ದರೆ ಸುಲಭವಾಗಿತ್ತು. 1980ರಲ್ಲಿ ಸ್ವೀಡನ್ನಿನ ವಿಜ್ಞಾನಿ ತೋಮಸ್ ಹೋಕ್‌ಫೆಲ್ಟ್ ಮತ್ತು ಜೊತೆಯವರು, ಡೋಪಮೈನ್ ಇರುವ ಕೆಲವು ನರಕೋಶಗಳಲ್ಲೇ ಕೊಲಿಸಿಸ್ಟೊಕೈನಿನ್ ಅನ್ನುವ ಪೆಪ್ಟೈಡ್ ಕೂಡ ಇದೆ ಅಂತ ತೋರಿಸಿದರು. ಊಟವಾದ ಮೇಲೆ ಪಿತ್ತಕೋಶವನ್ನು ಹಿಂಡಿಸುವ ಹಾರ್ಮೋನ್ ಅದೇ! ಒಂದೇ ಕೋಶದಲ್ಲಿ ಎರಡು ಥರದ ದೂತರು. ಸಾಮಾನ್ಯವಾಗಿ ಕೋಶ ನಿಧಾನವಾಗಿ ಮಿಡಿಯುವಾಗ ಸಣ್ಣ ಅಣು ಮಾತ್ರ ಹೊರಡುತ್ತದೆ. ಪಟಪಟ ಮಿಡಿದಾಗ ಪೆಪ್ಟೈಡೂ ಹೊರಬೀಳುತ್ತದೆ. ಅದು ದೂರ ಹರಡುತ್ತದೆ, ಜಾಸ್ತಿ ಹೊತ್ತು ಉಳಿಯುತ್ತದೆ.

ಹಾಗಾದರೆ ಡೋಪಮೈನ್‌ಗೆ ‘ವಾಹಕ’, ಪೆಪ್ಟೈಡ್‌ಗೆ ಬೇರೆ ಹೆಸರು ಅಂದುಬಿಡಬಹುದಾ? ಇಲ್ಲೊಂದು ತೊಡಕಿದೆ. ಗ್ಲುಟಮೇಟ್ ಅನ್ನುವ ಇನ್ನೊಂದು ನರವಾಹಕದ ಥರ ನೇರವಾಗಿ ಮುಂದಿನ ಕೋಶದ ಬಾಗಿಲು ತೆರೆದು ಸುದ್ದಿ ಮುಟ್ಟಿಸುವ ಕೆಲಸ ಡೋಪಮೈನ್‌ದಲ್ಲ. ಅದೂ ಪೆಪ್ಟೈಡ್‌ಗಳ ಹಾಗೆ, ಬೇರೆ ಸುದ್ದಿಗಳ ಜೋರನ್ನು ಏರಿಸುತ್ತದೆ, ಇಳಿಸುತ್ತದೆ. ಇಂಥವನ್ನು ನ್ಯೂರೋಮಾಡ್ಯುಲೇಟರ್ ಅನ್ನುತ್ತಾರೆ. ಇದಕ್ಕೆ ‘ಹದಗಾರ’ ಅಂದರೆ ಹೇಗೆ? ‘ಹದ’ ನಮಗೆ ದಿನಬಳಕೆಯ ಮಾತು. ಏರಿಸಿದ್ದೂ ಹದಕ್ಕೇ, ಇಳಿಸಿದ್ದೂ ಹದಕ್ಕೇ. ‘ನಿಯಂತ್ರಕ’ ಅಂದರೆ ಇಳಿಸುವುದಷ್ಟೇ ನೆನಪಾಗುತ್ತದೆ. ಗ್ಲುಟಮೇಟ್ ವಾಹಕ, ಡೋಪಮೈನ್ ಪುಟ್ಟ ಹದಗಾರ, ಪೆಪ್ಟೈಡ್ ಸರದ ಹದಗಾರ. ಸದ್ಯಕ್ಕೆ ಹೀಗೆ ಬರೆದುಕೊಂಡಿದ್ದೇನೆ.

ಇನ್ನು ‘ಅಂತರಕ್ರಿಯೆ’. ‘ಡೋಪಮೈನ್ ಮತ್ತು ಪೆಪ್ಟೈಡ್‌ಗಳ ನಡುವೆ ಅಂತರಕ್ರಿಯೆ ಇದೆ’ ಅಂದರೆ ಯಾರು ಯಾರಿಗೆ ಏನು ಮಾಡಿದರು ಅಂತಲೇ ಗೊತ್ತಾಗುವುದಿಲ್ಲ. ಬಿಡಿಸಿ ಬರೆದರೆ ಕಥೆ ರುಚಿಯಾಗಿದೆ. ನಡುಮಿದುಳಿನ ಡೋಪಮೈನ್ ಕೋಶಗಳನ್ನು ಗಾಬಾ ಕೋಶಗಳು (ಗಾಬಾ ಅನ್ನುವ, ಮಿಡಿತ ತಗ್ಗಿಸುವ ನರವಾಹಕವನ್ನು ಬಿಡುವ ಕೋಶಗಳು) ಸದಾ ತಡೆಯುತ್ತಿರುತ್ತವೆ. ಎಂಡಾರ್ಫಿನ್, ಎನ್ಕೆಫಲಿನ್‌ಗಳು ಈ ಗಾಬಾ ಕೋಶಗಳನ್ನೇ ತಡೆಯುತ್ತವೆ. ಆಗ ಡೋಪಮೈನ್ ಕೋಶ ಜೋರಾಗಿ ಮಿಡಿಯುತ್ತದೆ. ಅಫೀಮಿನ ಮಾರ್ಫಿನ್ ಹಿಡಿಯುವುದೂ ಇದೇ ದಾರಿ. ಡಿಸ್‌ಇನ್‌ಹಿಬಿಷನ್ ಅಂದರೆ ಇದೇ. ‘ತಡೆ ತೆರವು’ ಅನ್ನೋಣವೇ? ಹೈಕೋರ್ಟ್ ತಡೆಯಾಜ್ಞೆ ತೆರವು ಮಾಡಿತು ಅಂತ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ, ಮಕ್ಕಳಿಗೂ ಹೊಸದಲ್ಲ.

ಎದುರು ದಿಕ್ಕಿನ ಪೆಪ್ಟೈಡೂ ಇದೆ. ಡೋಪಮೈನ್ ಪದೇ ಪದೇ ಜಾಸ್ತಿ ಬಂದರೆ, ಅದನ್ನು ಪಡೆಯುವ ಕೆಲವು ಕೋಶಗಳು ಡೈನಾರ್ಫಿನ್ ತಯಾರಿಕೆ ಹೆಚ್ಚಿಸುತ್ತವೆ. ಅದು ಡೋಪಮೈನ್ ತುದಿಯ ಮೇಲೆ ಕೂತು ‘ಸಾಕು, ಕಮ್ಮಿ ಬಿಡು’ ಅನ್ನುತ್ತದೆ. ಕೂರುವ ಜಾಗಕ್ಕೆ, ಅಂದರೆ ರಿಸೆಪ್ಟರ್‌ಗೆ, ‘ಗ್ರಾಹಕ’ ಅನ್ನುವ ಬಳಕೆ ಇದೆ. ಬೆಂಗಳೂರಿನಲ್ಲಿ ಗ್ರಾಹಕ ಅಂದರೆ ಅಂಗಡಿಗೆ ಬರುವ ಗಿರಾಕಿ. ‘ಡೋಪಮೈನ್ ಗ್ರಾಹಕರು’ ಅಂತ ಬರೆದರೆ ಯಾರೋ ಕ್ಯೂ ನಿಂತ ಹಾಗಿರುತ್ತದೆ! ‘ಗ್ರಾಹಿ’ ಸಾಕೇ, ಅಥವಾ ಸುಮ್ನೆ ರಿಸೆಪ್ಟರ್ ಅಂತಲೇ ಬಿಡಲೇ?

ಕೊನೆಯದು ನನಗೆ ಅತಿ ಹೆಚ್ಚು ಸಿಟ್ಟು ತರಿಸುವ ಬಳಕೆ: ‘ಸಂತೋಷದ ಹಾರ್ಮೋನ್ ಡೋಪಮೈನ್’. ಇಲಿಗಳ ಮಿದುಳಿನಿಂದ ಡೋಪಮೈನ್ ಬಹುತೇಕ ಇಲ್ಲವಾಗಿಸಿ ಮಿದುಳು ವಿಜ್ಞಾನಿಗಳಾದ ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್ಸನ್ ನೋಡಿದರು. ಸಿಹಿನೀರು ಬಾಯಿಗೆ ಬಿಟ್ಟರೆ ಇಲಿಗಳು ಎಂದಿನಂತೆ ತುಟಿ ನೆಕ್ಕುತ್ತಿದ್ದವು. ಆದರೆ ತಾವಾಗಿ ಎದ್ದು ಊಟದ ಹತ್ತಿರ ಹೋಗುತ್ತಿರಲಿಲ್ಲ. ‘ಹಿತ’ ಉಳಿದಿತ್ತು, ‘ಬೇಕು’ ಹೋಗಿತ್ತು. ಹಿತದಲ್ಲಿ ಎಂಡಾರ್ಫಿನ್ ಗುಂಪಿನ ಪೆಪ್ಟೈಡ್‌ಗಳ ಪಾತ್ರ ದೊಡ್ಡದು. ರಾತ್ರಿ ರೀಲ್ಸ್ ನೋಡುತ್ತಾ ಕೂತವರಿಗೆ ಇದು ಹೇಳದೆಯೇ ಗೊತ್ತು. ಇನ್ನೊಂದು ಬೇಕು, ಮತ್ತೊಂದು ಬೇಕು, ಹಿತ ಮಾತ್ರ ಅಷ್ಟಕ್ಕಷ್ಟೇ.

ಈ ‘ಬೇಕು’ಗೆ ನಾಮಪದ ಬೇಕಾಗಿದೆ. ‘ಬಯಕೆ’ ಅಂದರೆ ನಮ್ಮ ಕಡೆ ಬಸುರಿಯ ನೆನಪಾಗುತ್ತದೆ. ‘ಆಸೆ’ ತೀರಾ ಅಗಲ. ‘ಸೆಳೆತ’, ‘ತುಡಿತ’ ಎರಡರ ನಡುವೆ ನಿಂತಿದ್ದೇನೆ. ತುಡಿತದಲ್ಲಿ ಒಳಗಿನ ಒತ್ತಡ ಇದೆ, ಸೆಳೆತದಲ್ಲಿ ಹೊರಗಿನ ವಸ್ತು ಎಳೆಯುತ್ತದೆ. ಡೋಪಮೈನ್ ಮಾಡುವುದು ಎರಡನೆಯದು ಅಂತ ನನಗೆ ಅನ್ನಿಸುತ್ತದೆ. ಧಾರವಾಡ, ಮಂಗಳೂರು ಕಡೆಯವರು ‘ಹದಗಾರ’, ‘ಸೆಳೆತ’ ಎರಡೂ ನಿಮ್ಮ ಕಿವಿಗೆ ಹೇಗೆ ಕೇಳುತ್ತವೆ ಅಂತ ದಯವಿಟ್ಟು ತಿಳಿಸಿ.