ಸಹಾಯ ಬೇಕು: ನಮ್ಮ ಕಥೆನಾ ಕುಣಿತದಲ್ಲಿ ಹೇಳೋದು ಹೇಗೆ?

ನಮಸ್ಕಾರ, ಮೈಸೂರಲ್ಲಿ ನಮ್ಮ ಬಡಾವಣೆ ಹೆಂಗಸ್ರು ವಾರಕ್ಕೊಂದಿನ ಸೇರಿ ಕೋಲಾಟ ಆಡ್ತೀವಿ, ಹೆಚ್ಚಿನವರು 60 ದಾಟಿದೋರು. ಮೊನ್ನೆ ಒಬ್ಬರು ಕೋಲು ಕೆಳಗಿಟ್ಟು, ಮದುವೆಯಾಗಿ ಗಾಡಿ ಹತ್ತಿದ ದಿನ ತಿರುಗಿ ತಿರುಗಿ ತವರು ನೋಡಿದ್ದನ್ನ ಬರೀ ಕತ್ತು ಕಣ್ಣಲ್ಲೇ ಮಾಡಿ ತೋರಿಸಿದ್ರು ನೋಡಿ, ಪಕ್ಕದ ಮನೇಲೇ ಇದ್ದು ಮಾತಾಡದೋರೂ ಅವರ ಕೈ ಹಿಡ್ಕೊಂಡು ಅತ್ರು. ಈಗ ಎಲ್ರಿಗೂ ಅವರವರ ಕಥೆ ಮಾಡ್ಬೇಕಂತೆ. ನಾನು ಭರತನಾಟ್ಯ ಜೂನಿಯರ್‌ವರೆಗಷ್ಟೇ ಕಲ್ತಿರೋದು, ಅಭಿನಯ ದರ್ಪಣ ಅನ್ನೋ ಹಳೇ ನಾಟ್ಯಗ್ರಂಥದ 28 ಅಸಂಯುತ ಹಸ್ತ (ಒಂದೇ ಕೈಯಲ್ಲಿ ತೋರಿಸೋ ಮುದ್ರೆಗಳು) ಬಾಯಿಪಾಠ ಇದೆ, ಆದ್ರೆ ಅದ್ರಲ್ಲಿ ಸೀಮೆಎಣ್ಣೆ ಕ್ಯೂ ಹೇಗೆ ತೋರಿಸ್ಲಿ (ನಗ್ಬೇಡಿ, ಒಬ್ಬರ ಕಥೇನೇ ಅದು). ಸಂಚಾರಿ (ಒಂದು ಸಾಲನ್ನ ಅಭಿನಯದಲ್ಲಿ ಕಥೆಯಾಗಿ ಬಿಡಿಸಿ ತೋರಿಸೋದು) ಹೇಳ್ಕೊಡೋರು, ಮಂಡಿನೋವಿರೋರಿಗೆ ಕುರ್ಚೀಲಿ ಕೂತು ಮಾಡೋ ಹಾಗೆ ಜೋಡಿಸಿ ಕೊಡೋರು ಯಾರಾದ್ರೂ ಗೊತ್ತಾ? ಇನ್ನೊಂದು, ಮಾಡ್ತಾ ಮಾಡ್ತಾ ಯಾರಾದ್ರೂ ತುಂಬಾ ಅತ್ರೆ ಅಲ್ಲೇ ನಿಲ್ಲಿಸ್ಬೇಕಾ, ಬಿಡ್ಬೇಕಾ?